ಮೆಷೀನ್ ಸರಿಯಾಗಿದೆ

ಮಗು ಮಲಗಿತ್ತು. ಗೆರೆ ಮಲಗಿರಲಿಲ್ಲ.

ಕಿವಿ ಪರೀಕ್ಷೆಯ ಕೋಣೆಯಲ್ಲಿ ದೀಪ ಆರಿಸಿ, ಫ್ಯಾನ್ ನಿಲ್ಲಿಸಿ, ಬಾಗಿಲಿಗೆ ದಪ್ಪ ಪರದೆ ಎಳೆದಿದ್ದರು. ಐದು ತಿಂಗಳ ಹೆಣ್ಣುಕೂಸು ತಾಯಿಯ ತೊಡೆಯ ಮೇಲೆ ಬಾಯಿ ತೆರೆದುಕೊಂಡು ನಿದ್ದೆ ಹೋಗಿತ್ತು. ಹಣೆಯ ಮೇಲೊಂದು, ಕಿವಿಗಳ ಹಿಂದೆ ಒಂದೊಂದು ಬೆಳ್ಳಿಬಣ್ಣದ ಬಿಲ್ಲೆ ಅಂಟಿಸಿ, ಅವುಗಳ ತಂತಿಗಳನ್ನು ಕಬ್ಬಿಣದ ಟ್ರಾಲಿಯ ಮೇಲಿದ್ದ ಪುಟ್ಟ ಡಬ್ಬಿಗೆ ಸಿಕ್ಕಿಸಿದ್ದರು. ಕಿವಿಯೊಳಗಿಟ್ಟ ಇಯರ್‌ಫೋನಿನಿಂದ ಟಕಟಕ ಎಂಬ ಸದ್ದು ಒಳಗೆ ಹೋಗುತ್ತದೆ. ತಲೆಯೊಳಗಿನ ನರ ಅದಕ್ಕೆ ಓಗೊಟ್ಟರೆ ಸ್ಕ್ರೀನಿನ ಮೇಲೆ ಐದು ಪುಟ್ಟ ಗುಡ್ಡಗಳು ಏಳುತ್ತವೆ. ಮಗು ಬಾಯಿಬಿಟ್ಟು ಹೇಳಬೇಕಾಗಿಲ್ಲ, ನಿದ್ದೆಯಲ್ಲೇ ಉತ್ತರ ಬಂದುಬಿಡುತ್ತದೆ. ಆದರೆ ಈಗ ಸ್ಕ್ರೀನಿನ ಮೇಲಿದ್ದದ್ದು ಗುಡ್ಡವಲ್ಲ, ಸಂತೆ. ಗೆರೆ ಮೇಲೆ ಹಾರಿ ಕೆಳಗೆ ಬಿದ್ದು, ಬಿದ್ದಲ್ಲಿಂದ ಮತ್ತೆ ಹಾರಿ, ಕೋತಿ ಕೈಗೆ ಪೆನ್ಸಿಲ್ ಕೊಟ್ಟ ಹಾಗಿತ್ತು.

"ಇವತ್ತು ತಪ್ಪು ಯಾರ ಮೇಲೆ ಹಾಕ್ತೀರಿ ಸಾರ್?" ಪರೀಕ್ಷೆ ಮಾಡುವ ಕಿವಿ ಮೇಡಂ ಪಿಸುಗುಟ್ಟಿದರು. "ಮೊದಲನೇ ಸಲ ಟ್ಯೂಬ್‌ಲೈಟು. ಹೋದ ಸಲ ಲಿಫ್ಟು. ಇವತ್ತು?"

"ನಿಮ್ಮ ಬಿಲ್ಲೆ," ಅಂದರು ಪ್ಲಗ್ ಸಾರ್.

ಆಸ್ಪತ್ರೆಯ ಯಂತ್ರಗಳನ್ನೆಲ್ಲ ನೋಡಿಕೊಳ್ಳುವ ಇಂಜಿನಿಯರಿಗೆ ಈ ಹೆಸರು ಬಿದ್ದು ಎಷ್ಟೋ ವರ್ಷಗಳಾಗಿದ್ದವು. ಯಾವ ಮಹಡಿಯಿಂದ ಯಾರು ಫೋನ್ ಮಾಡಿ ಏನು ಕೆಟ್ಟಿದೆಯೆಂದರೂ ಅವರ ಮೊದಲ ಮಾತು, "ಪ್ಲಗ್ ತೆಗೆದು ಹಾಕಿ ನೋಡಿದ್ರಾ?" ಮುಕ್ಕಾಲು ಪಾಲು ಯಂತ್ರಗಳು ಆ ಮಾತಿಗೇ ಸರಿಹೋಗುತ್ತಿದ್ದವು. ಇದು ಉಳಿದ ಕಾಲು ಪಾಲಿಗೆ ಸೇರಿದ್ದು.

"ನನ್ನ ಬಿಲ್ಲೆಗೇನಾಗಿದೆ?"

"ಅಂಟು ಒಣಗಿರಬೇಕು. ಇಲ್ಲ, ಚರ್ಮ ಸರಿಯಾಗಿ ಒರೆಸಿಲ್ಲ. ಡಬ್ಬಿಯ ತಂತಿ ಸಿಕ್ಕಿಸೋ ಬಾಯಿಗಳನ್ನ ಒಂದಕ್ಕೊಂದು ಸೇರಿಸಿ ನೋಡಿದ್ರೆ ಗೆರೆ ಹಾಸಿಗೆ ಹಾಸಿದ ಹಾಗಿರುತ್ತೆ. ನಿಮ್ಮ ತಂತಿ ಸಿಕ್ಕಿಸಿದ ತಕ್ಷಣ ಗಲಾಟೆ. ಡಬ್ಬೀದೇನು ತಪ್ಪು, ನೀವೇ ಹೇಳಿ."

"ಬಿಲ್ಲೆ ಸರಿಯಾಗಿ ಕೂತಿದೆಯೋ ಇಲ್ಲವೋ ಅಂತ ನಿಮ್ಮ ಮೆಷೀನೇ ತೋರಿಸುತ್ತಲ್ಲ ಸಾರ್. ನೋಡಿ, ಮೂರಕ್ಕೆ ಮೂರೂ ಹಸಿರು. ಕುಣಿಯಲಾರದವಳಿಗೆ ನೆಲ ಡೊಂಕು."

"ಯಾರಿಗೆ ಅಂದಿದ್ದು ಅದು?"

"ನೆಲಕ್ಕೆ."

ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಮಗುವಿನ ಅಜ್ಜಿಗೆ ನಗು ಬಂತು. "ಪಿಸಪಿಸ ಯಾಕ್ರಪ್ಪಾ, ಜೋರಾಗೇ ಜಗಳ ಆಡಿ. ನಮ್ಮ ಗುಬ್ಬಿ ಏಳಲ್ಲ. ಕುಂಭಕರ್ಣನ ಮೊಮ್ಮಗಳು ಇವಳು. ನನ್ನ ಸೊಸೆ ಹೊಲಿಗೆ ಮೆಷೀನ್ ಓಡಿಸ್ತಾ ಇದ್ರೆ ಅದರ ಬುಡದಲ್ಲೇ ಮಲಗ್ತಾಳೆ. ಇಂಥ ಮಗು ಯಾರಿಗುಂಟು!"

ಸೊಸೆ ನಗಲಿಲ್ಲ. ಅವಳ ಕಣ್ಣುಗಳು ಕೆಂಪಗಿದ್ದವು. ಪರೀಕ್ಷೆಗೆ ಮಗು ಗಾಢವಾಗಿ ಮಲಗಿರಬೇಕು, ಅದಕ್ಕೆ ಬೆಳಗಿನಿಂದ ಎಚ್ಚರವಿರಿಸಿಕೊಂಡು ಬರಬೇಕು ಎಂದು ಹೇಳಿದ್ದರು. ನಿದ್ದೆಗೆ ಅಳುವ ಕೂಸನ್ನು ಎರಡು ಬಸ್ಸು ಬದಲಾಯಿಸಿಕೊಂಡು, ಕೆನ್ನೆ ತಟ್ಟುತ್ತ, ಒದ್ದೆ ಬಟ್ಟೆಯಲ್ಲಿ ಪಾದ ಒರೆಸುತ್ತ ತರುವುದು ಎಂದರೇನೆಂದು ತಂದವರಿಗೇ ಗೊತ್ತು. ಇದು ಅವಳ ಮೂರನೇ ಸಲ.

ಪ್ಲಗ್ ಸಾರ್ ಡಬ್ಬಿಯ ಹಿಂಭಾಗ ನೋಡಲೆಂದು ಕತ್ತಲಲ್ಲಿ ಟ್ರಾಲಿಯ ಹಿಂದಕ್ಕೆ ತೂರಿಕೊಂಡರು. ಅವರ ಮೊಣಕೈ ತಗುಲಿ, ಟ್ರಾಲಿಯ ಅಂಚಿನಲ್ಲಿಟ್ಟಿದ್ದ ಅವರದೇ ಸಲಕರಣೆಗಳ ಸ್ಟೀಲ್ ತಟ್ಟೆ ನೆಲಕ್ಕೆ ಬಿತ್ತು. ಸ್ಕ್ರೂಡ್ರೈವರು, ಸ್ಪ್ಯಾನರು, ಇಕ್ಕಳ ಎಲ್ಲವೂ ಮೊಸಾಯಿಕ್ ನೆಲದ ಮೇಲೆ ಕುಣಿದಾಡಿದವು. ಹೊರಗೆ ಕಾರಿಡಾರಿನಲ್ಲಿ ಯಾರೋ "ಏನಾಯ್ತು?" ಎಂದು ಕೂಗಿದರು. ಸೊಸೆ ಮಗುವನ್ನು ಬಾಚಿ ತಬ್ಬಿಕೊಂಡಳು.

ಎಲ್ಲರೂ ಉಸಿರು ಹಿಡಿದು ನೋಡಿದರು. ಕೂಸು ತುಟಿ ಚಪ್ಪರಿಸಿ, ಹಾಗೆಯೇ ಮಲಗಿತ್ತು.

"ಪುಣ್ಯ, ಏಳಲಿಲ್ಲ," ಎಂದು ಪ್ಲಗ್ ಸಾರ್ ಹಣೆ ಒರೆಸಿಕೊಂಡರು.

"ನಾನು ಹೇಳಲಿಲ್ವಾ?" ಅಂದರು ಅಜ್ಜಿ, ಹೆಮ್ಮೆಯಿಂದ.

ಕಿವಿ ಮೇಡಂ ಮಾತ್ರ ಕೈಯಲ್ಲಿದ್ದ ಹತ್ತಿಯನ್ನು ಹಾಗೇ ಹಿಡಿದುಕೊಂಡು ಮಗುವಿನ ರೆಪ್ಪೆಯನ್ನೇ ನೋಡುತ್ತಿದ್ದರು. ತಮ್ಮ ಮೇಲಿನ ಸಿಟ್ಟು ನುಂಗಿಕೊಳ್ಳುತ್ತಿದ್ದಾರೆ ಎಂದು ಪ್ಲಗ್ ಸಾರ್ ಅಂದುಕೊಂಡರು.

ಅವತ್ತೂ ಏನೂ ಆಗಲಿಲ್ಲ. ಮಗು ಎದ್ದು ಅಳತೊಡಗಿದಾಗ ಬಿಲ್ಲೆಗಳನ್ನು ಬಿಡಿಸಿದರು. "ಇನ್ನೊಂದು ಸಲ ಬರಬೇಕಾಗುತ್ತಮ್ಮ," ಎಂದು ಕಿವಿ ಮೇಡಂ ಮೆಲ್ಲಗೆ ಹೇಳಿದ್ದೇ ತಡ, ಅಷ್ಟು ಹೊತ್ತು ಸುಮ್ಮನಿದ್ದ ಸೊಸೆ ಸಿಡಿದಳು.

"ನಿದ್ದೆಗೆಡಿಸಿ ಕರ್ಕೊಂಡು ಬನ್ನಿ ಅಂತೀರಿ. ಬಂದ್ರೆ ಮೆಷೀನ್ ಸರಿ ಇಲ್ಲ ಅಂತೀರಿ. ನಿದ್ದೆ ಕೆಟ್ಟಿರೋದು ಯಾರದ್ದು? ನನ್ನ ಮಗೂಗೆ ಕೇಳಿಸುತ್ತೋ ಇಲ್ವೋ, ಅಷ್ಟು ಹೇಳಿ ಸಾಕು. ಒಂದು ಮಾತು. ಅದಕ್ಕೆ ಎಷ್ಟು ಸಲ ಅಲೆಸ್ತೀರಿ?"

"ಮೆಷೀನ್ ಸರಿ ಇಲ್ಲಮ್ಮ, ಏನ್ ಮಾಡೋದು," ಅಂದರು ಪ್ಲಗ್ ಸಾರ್. ಈ ವಾಕ್ಯವನ್ನು ಅವಳಿಗೆ ಹೇಳುತ್ತಿರುವುದು ಮೂರನೇ ಸಲವೆಂದು ಅವರಿಗೇ ನಾಚಿಕೆಯಾಯಿತು.

ಅಜ್ಜಿ ಸ್ಕ್ರೀನಿನತ್ತ ಬೆರಳು ತೋರಿಸಿದರು. "ಅಷ್ಟೊಂದು ಏರಿಳಿತ ಬಂತಲ್ಲಮ್ಮಾ. ಕೇಳಿಸದೇ ಇದ್ರೆ ಅಷ್ಟು ಬರುತ್ತಾ? ಕೇಳಿಸೋದಕ್ಕೇ ಬಂದಿರೋದು."

"ಅದು ಮಗೂದಲ್ಲ ಅಜ್ಜಿ. ಗಲಾಟೆ ಅದು."

"ಯಾರದ್ದು ಗಲಾಟೆ?"

"ಅದನ್ನೇ ಸಾರ್ ಹುಡುಕ್ತಾ ಇದ್ದಾರೆ," ಅಂದರು ಕಿವಿ ಮೇಡಂ. ಆ 'ಸಾರ್' ಎಂಬ ಮಾತಿನಲ್ಲಿ ಗೌರವ ಎಷ್ಟಿತ್ತೋ ಅಷ್ಟೇ ಮೆಣಸಿನಕಾಯಿಯೂ ಇತ್ತು.

ಅತ್ತೆ ಸೊಸೆ ಹೋದ ಮೇಲೆ ಪ್ಲಗ್ ಸಾರ್ ನೆಲದ ಮೇಲೆ ಕೂತು ಸ್ಕ್ರೂಡ್ರೈವರುಗಳನ್ನು ಹೆಕ್ಕುತ್ತಿದ್ದರು. ಕಿವಿ ಮೇಡಂ ಬಾಗಿಲಿಗೆ ಒರಗಿ ನಿಂತರು. "ಸಾರ್, ಎಕ್ಸ್‌ರೇ ಇವತ್ತಾಗಲಿಲ್ಲ ಅಂದ್ರೆ ನಾಳೆ ತೆಗೀಬಹುದು. ಇದು ಹಾಗಲ್ಲ. ಕೇಳಿಸ್ತಿಲ್ಲ ಅಂತಾದ್ರೆ ಈ ವಯಸ್ಸಲ್ಲೇ ಗೊತ್ತಾಗ್ಬೇಕು. ಮಾತು ಕಲಿಯೋ ಕಾಲ ನಮ್ಮ ರಿಪೇರಿಗೆ ಅಂತ ಕಾಯ್ತಾ ಕೂರಲ್ಲ. ಬೇರೆ ಆಸ್ಪತ್ರೆಗೆ ಕಳಿಸೋಣ ಅಂದ್ರೆ ಅಲ್ಲಿ ಸರದಿ ಇನ್ನೂ ಉದ್ದ."

"ನನಗೆ ಗೊತ್ತಿಲ್ವೇನ್ರೀ? ಆಟ ಆಡ್ತಿದ್ದೀನಾ ನಾನು?"

"ಆಟ ಆಗಿದ್ರೆ ಇಷ್ಟು ಹೊತ್ತಿಗೆ ಯಾರಾದ್ರೂ ಗೆದ್ದಿರ್ತಿದ್ರು."

ಯಂತ್ರ ಮಾರಿದ ಕಂಪನಿಯವನಿಗೆ ಪ್ಲಗ್ ಸಾರ್ ಫೋನ್ ಹಚ್ಚಿದರು. ಅವನದು ಒಂದೇ ಹಾಡು. "ನಮ್ಮ ಡಬ್ಬಿ ಫುಲ್ ಐಸೋಲೇಟೆಡ್ ಸಾರ್. ಗೋಡೆ ಕರೆಂಟಿಗೂ ಪೇಷೆಂಟಿಗೂ ಸಂಬಂಧವೇ ಇಲ್ಲ. ನಾಯ್ಸ್ ಬರೋಕೆ ಚಾನ್ಸೇ ಇಲ್ಲ."

"ಚಾನ್ಸ್ ಇಲ್ಲ ಅಂದ್ರೂ ಬರ್ತಿದೆಯಲ್ಲಪ್ಪ."

"ನಿಮ್ಮ ಬಿಲ್ಡಿಂಗ್ ಅರ್ತಿಂಗ್ ಚೆಕ್ ಮಾಡಿಸಿ ಸಾರ್."

ಬಿಲ್ಡಿಂಗಿನವರನ್ನು ಕೇಳಿದರೆ, ಅರ್ತಿಂಗ್ ಬಂಗಾರದ ಹಾಗಿದೆ, ಮೆಷೀನ್ ಕಂಪನಿಯವರನ್ನು ಕೇಳಿ ಎಂದರು. ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ನೊಗ ಹೊತ್ತವರು ಪ್ಲಗ್ ಸಾರ್.

ಐಸೋಲೇಶನ್ ಎಂದರೇನೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಸುಗೂಸಿನ ತಲೆಗೆ ಅಂಟಿಸುವ ತಂತಿ ಎಂಥ ಸಂದರ್ಭದಲ್ಲೂ ಗೋಡೆಯ ಕರೆಂಟನ್ನು ಮುಟ್ಟಬಾರದು. ಅದಕ್ಕೆಂದೇ ಆ ಡಬ್ಬಿಯೊಳಗೆ ಎರಡು ದಡ ಮಾಡಿ, ನಡುವೆ ಒಂದು ತಂತಿಯೂ ದಾಟದಂತೆ ಕಂದಕ ಬಿಟ್ಟಿರುತ್ತಾರೆ. ಮಗುವಿನ ಕಡೆಯ ದಡದಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ದೀಪ ಮಿನುಗುತ್ತದೆ, ಈಚೆ ದಡದಲ್ಲಿ ಅದನ್ನೇ ದಿಟ್ಟಿಸುವ ಒಂದು ಕಣ್ಣಿರುತ್ತದೆ. ಸುದ್ದಿ ಬೆಳಕಾಗಿ ದಾಟುತ್ತದೆ, ಕರೆಂಟು ದಾಟುವುದಿಲ್ಲ. ಲೆಕ್ಕದಲ್ಲಿ ಎಲ್ಲ ಸರಿ. ಹಾಗಿದ್ದರೆ ಗೋಡೆಯ ಗಲಾಟೆ ಕಂದಕ ಹಾರಿ ಬರುತ್ತಿರುವುದು ಹೇಗೆ? ರಾತ್ರಿ ಮನೆಯಲ್ಲಿ ಊಟದ ತಟ್ಟೆಯ ಮುಂದೆಯೂ ಅದೇ ಯೋಚನೆ.

"ನಿಮಗೇ ಹೇಳ್ತಿರೋದು!" ಎಂದು ಹೆಂಡತಿ ಕೂಗಿದಾಗ ಬೆಚ್ಚಿಬಿದ್ದರು. "ಎಷ್ಟು ಸಲ ಕರೆಯೋದು? ವಾಷಿಂಗ್ ಮೆಷೀನ್ ಕುಣೀತಾ ಕುಣೀತಾ ಬಚ್ಚಲಿಂದ ಹೊರಗೇ ಬಂದುಬಿಟ್ಟಿದೆ. ಇನ್ನೊಂದು ದಿನ ಬಿಟ್ರೆ ಬಾಗಿಲು ತೆಗೆದುಕೊಂಡು ಅದೇ ಆಸ್ಪತ್ರೆಗೆ ಬರುತ್ತೆ, ಅಲ್ಲೇ ನೋಡಿ."

"ಪ್ಲಗ್ ತೆಗೆದು..." ಎನ್ನಲು ಹೋಗಿ, ಹೆಂಡತಿಯ ಮುಖ ನೋಡಿ ನಿಲ್ಲಿಸಿದರು.

ಮರುದಿನ ಕಿವಿ ಮೇಡಂ ಅವರೇ ಒಂದು ದಾರಿ ಹೇಳಿದರು. "ಮಗೂನ ಮತ್ತೆ ಕರೆಸೋ ಮೊದಲು ನಮ್ಮಲ್ಲೇ ಯಾರಾದರೂ ಮಲಗೋಣ. ನೀವು ಮಲಗಿ. ನಿಮಗೆ ಆಫೀಸಲ್ಲಿ ಅಭ್ಯಾಸ ಇದೆ."

ಪ್ಲಗ್ ಸಾರ್ ಶೂ ಕಳಚಿ ಮಂಚದ ಮೇಲೆ ಅಂಗಾತ ಮಲಗಿದರು. ಕಿವಿ ಮೇಡಂ ಅವರ ಬಕ್ಕತಲೆಯ ಮುಂಭಾಗ ಉಜ್ಜಿ ಬಿಲ್ಲೆ ಅಂಟಿಸುತ್ತ, "ಜಾಗಕ್ಕೇನೂ ಕೊರತೆಯಿಲ್ಲ," ಅಂದರು. ಯಂತ್ರ ಚಾಲೂ ಆಯಿತು. ಅದೇ ಸಂತೆ, ಅದೇ ಕೋತಿ. ಅಂದರೆ ತಪ್ಪು ಮಗುವಿನದಲ್ಲ, ಬಿಲ್ಲೆಯದಲ್ಲ, ಬರೀ ಡಬ್ಬಿಯದೂ ಅಲ್ಲ. ಡಬ್ಬಿಯೊಂದನ್ನೇ ನೋಡಿದರೆ ಅದು ಸಾಧು. ಮನುಷ್ಯನನ್ನು ಅದಕ್ಕೆ ಜೋಡಿಸಿದರೆ ರಂಪ.

"ಆ ಡಬ್ಬಿ ಇಲ್ಲಿ ಕೊಡಿ, ದೀಪ ಸರಿಯಾಗಿ ಉರೀತಿದೆಯಾ ನೋಡ್ತೀನಿ," ಎಂದು ಮಲಗಿದಲ್ಲಿಂದಲೇ ಕೈ ಚಾಚಿ ಡಬ್ಬಿಯನ್ನು ಎತ್ತಿ ಹೊಟ್ಟೆಯ ಮೇಲಿಟ್ಟುಕೊಂಡರು.

"ಅಯ್ಯೋ! ಏನ್ ಮಾಡಿದ್ರಿ?" ಅಂದರು ಕಿವಿ ಮೇಡಂ.

"ಏನೂ ಮಾಡಲಿಲ್ಲ ಮಾರಾಯ್ರೆ, ಎತ್ತಿಕೊಂಡೆ ಅಷ್ಟೇ."

"ಗಲಾಟೆ ಅರ್ಧ ಆಯ್ತು."

ಪ್ಲಗ್ ಸಾರ್ ಡಬ್ಬಿಯನ್ನು ಮತ್ತೆ ಕಬ್ಬಿಣದ ಟ್ರಾಲಿಯ ಮೇಲಿಟ್ಟರು. ಏರಿತು. ಎತ್ತಿಕೊಂಡರು. ಇಳಿಯಿತು. ಮತ್ತೆ ಇಟ್ಟರು, ಮತ್ತೆ ಎತ್ತಿದರು. ಹಣೆಯಿಂದ ತಂತಿ ಜೋತಾಡುತ್ತಿರುವಂತೆಯೇ ಎದ್ದು ಕೂತರು.

"ಬೆಳಕಿನ ದಾರೀಲಿ ಗಲಾಟೆ ಬರೋಕಾಗಲ್ಲ," ಎಂದು ತಮಗೇ ಹೇಳಿಕೊಳ್ಳುವಂತೆ ಶುರುಮಾಡಿದರು. "ಆದ್ರೆ ಪೇಷೆಂಟ್ ಕಡೆ ದಡದಲ್ಲಿ ಆ ದೀಪ ಉರೀಬೇಕಾದ್ರೂ ಕರೆಂಟ್ ಬೇಕಲ್ಲ. ಅದನ್ನ ಗೋಡೆ ಕಡೆಯಿಂದ ದಾಟಿಸೋದಕ್ಕೆ ಒಳಗೆ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಇದೆ. ಎರಡು ಸುರುಳಿ, ಒಂದಕ್ಕೊಂದು ತಾಗಲ್ಲ, ಆದ್ರೆ ಪಕ್ಕಪಕ್ಕದಲ್ಲೇ ಕೂತಿರ್ತವೆ. ನೆರೆಮನೆಯವರ ಹಾಗೆ. ಗೋಡೆ ಇದ್ದೇ ಇದೆ, ಆದ್ರೂ ಇವರ ಮನೆ ಜಗಳ ಅವರಿಗೆ ಕೇಳ್ತಾನೇ ಇರುತ್ತೆ. ಅಲ್ಲಿಂದ ಸೋರ್ತಿದೆ. ಸೋರೋದಕ್ಕೆ ಈ ಕಬ್ಬಿಣದ ಟ್ರಾಲಿ ಇನ್ನಷ್ಟು ದಾರಿ ಮಾಡಿಕೊಡ್ತಿದೆ. ಸೋರಿದ್ದು ನನ್ನ ಮೈಯೊಳಗೆ ಹೋಗಿ, ಬಿಲ್ಲೆಯಿಂದ ವಾಪಸ್ ಬರ್ತಿದೆ. ಬರೀ ಡಬ್ಬಿ ನೋಡಿದಾಗ ಹೋಗೋಕೆ ಮೈಯೇ ಇರಲ್ಲ, ಅದಕ್ಕೇ ಸಾಧು! ಆದ್ರೆ ಇಷ್ಟು ಸೂಕ್ಷ್ಮದ ಡಬ್ಬಿಗೆ ಇಂಥ ಟ್ರಾನ್ಸ್‌ಫಾರ್ಮರ್ ಯಾವ ಪುಣ್ಯಾತ್ಮ ಹಾಕಿದ?"

"ಕಂಪನಿಯವನು," ಅಂದರು ಕಿವಿ ಮೇಡಂ. "ಮೊದಲು ಇದು ಬ್ಯಾಟರೀಲೇ ನಡೀತಿತ್ತು."

ಪ್ಲಗ್ ಸಾರ್ ನಿಧಾನವಾಗಿ ಅವರತ್ತ ತಿರುಗಿದರು. "ಏನಂದ್ರಿ?"

"ಬ್ಯಾಟರೀಲಿ. ತಿಂಗಳಿಗೊಮ್ಮೆ ಸೆಲ್ ಹಾಕ್ತಿದ್ವಿ. ಆಮೇಲೆ ಸ್ಟೋರ್ಸಿನವರು ಸೆಲ್ ಕೊಡಲ್ಲ ಅಂದ್ರು. ಆಗ ಕಂಪನಿಯವನು ಬಂದು, ಇನ್ಮೇಲೆ ಸೆಲ್ ರಗಳೆಯೇ ಬೇಡ ಅಂತ ಒಳಗೆ ಏನೋ ಒಂದು ಕಾರ್ಡ್ ಹಾಕಿ ಹೋದ. ನೀವು ಆಗ ರಜೆಯಲ್ಲಿದ್ರಿ."

"ಇದನ್ನ ಇಷ್ಟು ದಿನ ಯಾಕ್ರೀ ಹೇಳಲಿಲ್ಲ?"

"ನೀವು ಕೇಳಲಿಲ್ಲ. ನೀವು ಟ್ಯೂಬ್‌ಲೈಟ್ ಬಗ್ಗೆ ಕೇಳಿದ್ರಿ, ಲಿಫ್ಟ್ ಬಗ್ಗೆ ಕೇಳಿದ್ರಿ. ನನ್ನ ಬಿಲ್ಲೆ ಬಗ್ಗೆ ಕೇಳಿದ್ರಿ."

ಪ್ಲಗ್ ಸಾರ್ ಹಣೆಯ ಬಿಲ್ಲೆಯನ್ನು ಚರ್ರನೆ ಕಿತ್ತು ನೇರವಾಗಿ ಸ್ಟೋರ್ಸಿಗೆ ಇಳಿದರು.

ಸ್ಟೋರ್ಸಿನವನು ಕನ್ನಡಕದ ಮೇಲಿನಿಂದ ನೋಡಿದ. "ಹಳೇ ಸೆಲ್ ತಂದು ಒಪ್ಪಿಸಿದ್ರೆ ಹೊಸದು ಕೊಡ್ತೀವಿ ಸಾರ್. ಅದು ನಿಯಮ."

"ಹಳೇ ಸೆಲ್ ಎಲ್ಲಿಂದ ತರಲಯ್ಯ? ನೀನು ಕೊಡೋದು ನಿಲ್ಲಿಸಿದ್ಮೇಲೆ ಹಳೇದು ಹುಟ್ಟೋದು ಹೇಗೆ?"

"ಅದಕ್ಕೇ ಸಾರ್ ನಿಲ್ಸಿರೋದು. ಹಳೇದು ಬರ್ತಾ ಇರಲಿಲ್ಲ."

ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಪ್ಲಗ್ ಸಾರ್ ಮೇಲೆ ಬಂದು, ತಮ್ಮ ಚೀಲದಲ್ಲಿದ್ದ ಟಾರ್ಚಿನ ಹೊಟ್ಟೆ ಬಗೆದು ಸೆಲ್ಲುಗಳನ್ನು ತೆಗೆದರು. ಡಬ್ಬಿ ಬಿಚ್ಚಿದರೆ ಹಳೆಯ ಬ್ಯಾಟರಿ ಗೂಡು ಇದ್ದಲ್ಲೇ ಇತ್ತು. ಅದರ ತಂತಿಗಳನ್ನು ಸುತ್ತಿ ಟೇಪು ಹಚ್ಚಿ ಮೂಲೆಗೆ ತಳ್ಳಿದ್ದರು. ಕಂಪನಿಯವನ ಕಾರ್ಡನ್ನು ಕಿತ್ತು ಮೇಜಿನ ಮೇಲೆಸೆದು, ಬ್ಯಾಟರಿಯ ತಂತಿಗಳನ್ನು ಅವುಗಳ ಜಾಗಕ್ಕೆ ಬೆಸುಗೆ ಹಾಕಿದರು. ಕಿವಿ ಮೇಡಂ ಅಷ್ಟರಲ್ಲಿ ಬಿಲ್ಲೆಗಳ ಉದ್ದುದ್ದ ತಂತಿಗಳನ್ನು ಜಡೆ ಹೆಣೆದಂತೆ ಬಿಗಿಯಾಗಿ ಹೆಣೆದು ಗಿಡ್ಡ ಮಾಡಿದ್ದರು. ಬಿಡಿಬಿಡಿಯಾಗಿ ಹರಡಿದ ತಂತಿಗಳೂ ಗಾಳಿಯಲ್ಲಿದ್ದ ಗಲಾಟೆಯನ್ನು ಹಿಡಿಯುತ್ತವೆ ಎಂದು ಎಲ್ಲೋ ಕಲಿತದ್ದು ಅವರಿಗೆ ಈಗ ನೆನಪಾಗಿತ್ತು. ಅದನ್ನೂ ಯಾರೂ ಕೇಳಿರಲಿಲ್ಲ.

ಪ್ಲಗ್ ಸಾರ್ ಮತ್ತೆ ಮಲಗಿದರು. ಕಿವಿಯಲ್ಲಿ ಟಕಟಕ ಶುರುವಾಯಿತು. ಕಿವಿ ಮೇಡಂ ಸ್ಕ್ರೀನಿಗೆ ಮುಖ ಹತ್ತಿರ ತಂದರು.

"ಏನ್ರೀ? ಏನಾಯ್ತು?"

"ಅಲ್ಲಾಡಬೇಡಿ... ನೋಡಿ ಬೇಕಾದ್ರೆ."

ಕತ್ತು ತಿರುಗಿಸಿ ನೋಡಿದರು. ಕಪ್ಪು ಸ್ಕ್ರೀನಿನ ಮೇಲೆ ನೂಲು ಎಳೆದಂಥ ಗೆರೆ. ಅದರ ಮೇಲೆ ಸಾಲಾಗಿ ಐದು ಗುಡ್ಡ, ಯಾರೋ ಬೆರಳಿನಿಂದ ಒತ್ತಿ ಎಬ್ಬಿಸಿದ ಹಾಗೆ. ಸದ್ದು ತಗ್ಗಿಸಿದಂತೆ ಗುಡ್ಡಗಳು ತಗ್ಗಿದವು, ಹೆಚ್ಚಿಸಿದಂತೆ ಎದ್ದವು. ಇಷ್ಟು ವರ್ಷದ ನೌಕರಿಯಲ್ಲಿ ಅವರು ಇಷ್ಟು ಚೆಂದದ ಗೆರೆ ನೋಡಿರಲಿಲ್ಲ.

"ಅಂದಹಾಗೆ, ನಿಮ್ಮ ಬಲಗಿವಿ ಸ್ವಲ್ಪ ಮಂದ ಸಾರ್. ಗೊತ್ತಾ?"

"ಮನೇಲಿ ಹೇಳ್ತಿರ್ತಾರೆ," ಅಂದರು ಪ್ಲಗ್ ಸಾರ್. ಇಬ್ಬರೂ ನಕ್ಕರು. ಆ ಡಬ್ಬಿಯ ವಿಚಾರದಲ್ಲಿ ಇಬ್ಬರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು.

ಮಗುವಿನ ತಾಯಿಗೆ ಪ್ಲಗ್ ಸಾರ್ ಅವರೇ ಫೋನ್ ಮಾಡಿಸಿದರು. ಅವಳು ಬಂದ ದಿನ, ಕೆಲಸವಿಲ್ಲದಿದ್ದರೂ ಕಿವಿ ಪರೀಕ್ಷೆಯ ಕೋಣೆಗೆ ಹೋಗಿ ನಿಂತರು. ಮದುವೆ ಮನೆಯಲ್ಲಿ ಅಡುಗೆಯವನು ಪಂಕ್ತಿಯ ಕೊನೆಯಲ್ಲಿ ನಿಂತು ಉಣ್ಣುವವರ ಮುಖ ನೋಡುತ್ತಾನಲ್ಲ, ಹಾಗೆ. ಅಜ್ಜಿಯನ್ನು ಕಂಡೊಡನೆ, "ಇವತ್ತು ಒಂದೇ ಏಟಿಗೆ ಮುಗಿದುಹೋಗುತ್ತಜ್ಜಿ, ಗಲಾಟೆ ಇದ್ದ ಜಾಗ ಸಿಕ್ತು," ಎಂದು ಹೇಳಿಯೂಬಿಟ್ಟರು.

"ನಿಮ್ಮ ಬಾಯಿಗೆ ಸಕ್ಕರೆ ಹಾಕ," ಅಂದರು ಅಜ್ಜಿ.

ಮಗು ಬೇಗನೆ ಮಲಗಿತು. ಬಿಲ್ಲೆಗಳು ಕೂತವು. ಡಬ್ಬಿಯನ್ನು ಟ್ರಾಲಿಯ ಮೇಲಿಡದೆ ಮಗುವಿನ ಪಕ್ಕದಲ್ಲೇ ಮಡಿಸಿದ ಟವೆಲಿನ ಮೇಲಿಟ್ಟರು. ಕಿವಿ ಮೇಡಂ ಬಟನ್ ಒತ್ತಿದರು. ಗೆರೆ ಎಡದಿಂದ ಬಲಕ್ಕೆ ಹೊರಟಿತು.

"ನೋಡಿ, ನೋಡಿ!" ಪ್ಲಗ್ ಸಾರ್ ಪಿಸುಗುಟ್ಟಿದರು. "ಹೇಗಿದೆ! ನೂಲು ನೂಲು!"

ಕಿವಿ ಮೇಡಂ ಸದ್ದನ್ನು ಒಂದು ಮೆಟ್ಟಿಲು ಏರಿಸಿದರು. ಗೆರೆ ಶುದ್ಧವಾಗಿ, ನೇರವಾಗಿ ಹೋಯಿತು. ಇನ್ನೊಂದು ಮೆಟ್ಟಿಲು. ಪ್ಲಗ್ ಸಾರ್ ಕಾಯುತ್ತಿದ್ದರು, ಗುಡ್ಡ ಈಗ ಬರುತ್ತದೆ, ಈಗ ಬರುತ್ತದೆ ಎಂದು. ಮತ್ತೊಂದು ಮೆಟ್ಟಿಲು. ಕಿವಿ ಮೇಡಂ ಇಯರ್‌ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿ ಮತ್ತೆ ಕೆಳಗಿನಿಂದ ಶುರುಮಾಡಿದರು. ಗೆರೆ ಅದೇ ಗೆರೆ. ಅದರಲ್ಲಿ ಒಂದು ಕಲೆಯಿಲ್ಲ, ಒಂದು ನಡುಕವಿಲ್ಲ.

"ಸಾರ್, ಇದನ್ನ ಒಂದು ನಿಮಿಷ ನಿಮ್ಮ ಕಿವಿಗಿಟ್ಟುಕೊಳ್ಳಿ."

ಪ್ಲಗ್ ಸಾರ್ ಇಯರ್‌ಫೋನನ್ನು ತಮ್ಮ ಎಡಗಿವಿಯ ಹತ್ತಿರ ತಂದರು. ಒಳಗೆ ಇಟ್ಟುಕೊಳ್ಳಬೇಕಾಗಲೇ ಇಲ್ಲ. ಕಿವಿಯ ಪಕ್ಕದಲ್ಲೇ ಪಟಾಕಿ ಸರ ಹಚ್ಚಿದಂತೆ ಟಕಟಕಟಕ ಎಂದು ಬಡಿಯಿತು. ಬೆಚ್ಚಿ ಕೈ ಹಿಂದಕ್ಕೆಳೆದರು. ಆಗ ಅವರಿಗೆ ಅರ್ಥವಾಯಿತು.

ತಾಯಿ ಅವರಿಬ್ಬರ ಮುಖವನ್ನೂ ನೋಡುತ್ತಿದ್ದಳು. ಬಟ್ಟೆ ಅಳೆಯುವವರ ಕಣ್ಣು ಅವಳದು, ಒಂದು ನೂಲಿನಷ್ಟು ಹೆಚ್ಚುಕಡಿಮೆಯಾದರೂ ಗೊತ್ತಾಗುತ್ತದೆ. ಅವಳು ಕಿವಿ ಮೇಡಂ ಅವರನ್ನು ಏನೂ ಕೇಳಲಿಲ್ಲ. ಪ್ಲಗ್ ಸಾರ್ ಕಡೆಗೆ ತಿರುಗಿದಳು.

"ಮೆಷೀನ್ ಇನ್ನೂ ಸರಿಯಾಗಿಲ್ಲ, ಅಲ್ವಾ ಸಾರ್?"

ಪ್ಲಗ್ ಸಾರ್ ಸ್ಕ್ರೀನ್ ನೋಡಿದರು, ಡಬ್ಬಿ ನೋಡಿದರು, ತಾವು ಹಾಕಿದ ಬೆಸುಗೆ ಬಿಟ್ಟಿರಬಹುದೇ ಎಂದು ಒಂದು ಕ್ಷಣ ಆಸೆಯಿಂದ ಯೋಚಿಸಿದರು. ಬಿಟ್ಟಿರಲಿಲ್ಲ. ಬೆಳಿಗ್ಗೆ ತಾನೇ ತಮ್ಮ ತಲೆಗೆ ಹಚ್ಚಿಕೊಂಡು ನೋಡಿದ್ದರು, ಐದಕ್ಕೆ ಐದೂ ಗುಡ್ಡ.

"ಹೇಳಿ ಸಾರ್. ಸರಿಯಾಗಿಲ್ಲ ಅಂದ್ರೆ ಇನ್ನೊಂದು ಸಲ ಬರ್ತೀನಿ. ಎಷ್ಟು ಸಲ ಬೇಕಾದ್ರೂ ಬರ್ತೀನಿ. ಅವತ್ತು ಬೇಜಾರಲ್ಲಿ ಏನೋ ಅಂದೆ, ಮನಸ್ಸಿಗೆ ಹಾಕ್ಕೋಬೇಡಿ."

"ಸರಿಯಾಗಿದೆಯಮ್ಮ," ಅಂದರು ಪ್ಲಗ್ ಸಾರ್. ಡಬ್ಬಿಯ ಮೇಲೆ ಕೈಯಿಟ್ಟು ಮತ್ತೆ ಹೇಳಿದರು. "ಮೆಷೀನ್ ಸರಿಯಾಗಿದೆ."

ಅಜ್ಜಿ ಸ್ಟೂಲಿನಿಂದ ಎದ್ದರು. "ಅದು ಹೇಗೆ ಸರಿಯಾಗುತ್ತೆ? ಹೋದ ಸಲ ಅಷ್ಟು ಏರಿಳಿತ ಬಂದಿತ್ತು. ನಾನೇ ಕಣ್ಣಾರೆ ನೋಡಿದೀನಿ. ನೀವೇನೋ ಬಿಚ್ಚಿ ಕಟ್ಟಿ, ಇದ್ದದ್ದನ್ನೂ ಕಳೆದುಬಿಟ್ರಿ. ಮೊದಲಿದ್ದ ಹಾಗೇ ಮಾಡಿಕೊಡಿ."

"ಅದು ಗುಬ್ಬೀದಲ್ಲಜ್ಜಿ. ಅದು ಗೋಡೆಯ ಕರೆಂಟಿಂದು."

"ನಾನು ಕರೆದ್ರೆ ತಿರುಗ್ತಾಳಪ್ಪಾ!"

"ನಿಮ್ಮನ್ನ ನೋಡಿ ತಿರುಗ್ತಾಳೆ ಅಜ್ಜಿ," ಅಂದರು ಕಿವಿ ಮೇಡಂ. ಅವರು ಕುರ್ಚಿ ಎಳೆದುಕೊಂಡು ತಾಯಿಯ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತರು. ಇದೊಂದೇ ಪರೀಕ್ಷೆಯಿಂದ ಎಲ್ಲ ತೀರ್ಮಾನವಾಗುವುದಿಲ್ಲ, ಇನ್ನೂ ಒಂದೆರಡು ಮಾಡಬೇಕು. ಕಿವಿಗೆ ಹಾಕುವ ಸಾಧನಗಳಿವೆ, ಅದಕ್ಕೆ ಬಗ್ಗದಿದ್ದರೆ ಆಪರೇಷನ್ ಇದೆ, ಕೈಸನ್ನೆಯ ಭಾಷೆಯಿದೆ, ಈ ವಯಸ್ಸಿನಲ್ಲೇ ಗೊತ್ತಾದದ್ದು ದೊಡ್ಡದು, ಎರಡು ವರ್ಷದ ಮೇಲೆ ಬರುವವರೇ ಜಾಸ್ತಿ. ಒಂದೊಂದಾಗಿ, ಅವಸರವಿಲ್ಲದೆ ಹೇಳಿದರು. ತಾಯಿ ತಲೆಯಾಡಿಸುತ್ತಿದ್ದಳು. ಎಷ್ಟು ಒಳಗೆ ಹೋಯಿತೋ ಗೊತ್ತಿಲ್ಲ.

ಕೊನೆಗೆ ಅವಳು ಕೇಳಿದ್ದು ಇಷ್ಟೇ: "ಸೋಮವಾರ ಬರ್ಲಾ, ಮಂಗಳವಾರ ಬರ್ಲಾ?"

"ಸೋಮವಾರ. ನಿದ್ದೆಗೆಡಿಸಿ ತರಬೇಕಾಗಿಲ್ಲ."

"ಅಷ್ಟಾದ್ರೂ ಆಯ್ತಲ್ಲ," ಅಂದಳು. ಬಿಲ್ಲೆಯಿದ್ದಲ್ಲಿ ಉಳಿದ ಅಂಟನ್ನು ಒದ್ದೆ ಹತ್ತಿಯಿಂದ ಒರೆಸಿದಳು. ಹಣೆ, ಎಡಗಿವಿಯ ಹಿಂದೆ, ಬಲಗಿವಿಯ ಹಿಂದೆ. ಒರೆಸಿದ್ದ ಜಾಗವನ್ನೇ ಮತ್ತೆ ಒರೆಸಿದಳು.

ಅವರು ಹೊರಟ ಮೇಲೆ ಪ್ಲಗ್ ಸಾರ್ ಕೋಣೆಯಲ್ಲೇ ನಿಂತಿದ್ದರು. ಯಂತ್ರ ಇನ್ನೂ ಚಾಲೂ ಇತ್ತು. ಅದರ ಮೇಲೆ ಅವರಿಗೆ ಎಂದೂ ಬಾರದಷ್ಟು ಸಿಟ್ಟು ಬಂತು.

"ನಿಮಗೆ ಮೊದಲೇ ಗೊತ್ತಿತ್ತು," ಅಂದರು.

"ಅನುಮಾನ ಇತ್ತು. ಅನುಮಾನ ಹೇಳೋಕಾಗಲ್ಲ ಸಾರ್." ಕಿವಿ ಮೇಡಂ ಹೆಣೆದ ತಂತಿಗಳನ್ನು ಸುರುಳಿ ಸುತ್ತಿ ಕೊಕ್ಕೆಗೆ ನೇತುಹಾಕಿದರು. "ಮುಂದಿನವರನ್ನ ಕರೀತೀರಾ? ಹೊರಗೆ ಇನ್ನೂ ಎರಡು ಮಕ್ಕಳಿದ್ದಾರೆ."

ಪ್ಲಗ್ ಸಾರ್ ಪರದೆ ಸರಿಸಿ ಕಾರಿಡಾರಿಗೆ ಬಂದರು. ಬೆಂಚುಗಳ ಮೇಲೆ ಜನ, ಗಾಲಿಕುರ್ಚಿ ತಳ್ಳಿಕೊಂಡು ಹೋಗುವ ಆಯಾ, ಫೈಲು ಹಿಡಿದು ಓಡುವ ನರ್ಸ್. ಅವರೆಲ್ಲರ ನಡುವೆ, ಲಿಫ್ಟಿನ ಬಾಗಿಲ ಮುಂದೆ, ತಾಯಿ ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ಮಗು ಎಚ್ಚರವಾಗಿತ್ತು. ಅಮ್ಮನ ಭುಜದ ಮೇಲೆ ಗಲ್ಲವಿಟ್ಟು ಇವರ ಕಡೆಗೇ ಮುಖ ಮಾಡಿತ್ತು. ಅಜ್ಜಿ ಆಚೆ ಬದಿಯಲ್ಲಿ, ಕೂಸಿನ ಕಣ್ಣಿಗೆ ಬೀಳದಂತೆ, ಅದರ ತಲೆಯ ಹಿಂದೆ ನಿಂತಿದ್ದರು.

ಅಜ್ಜಿ ಮೆಲ್ಲಗೆ ಒಮ್ಮೆ ಚಪ್ಪಾಳೆ ತಟ್ಟಿದರು. ಸ್ವಲ್ಪ ತಡೆದು, ಇನ್ನೊಮ್ಮೆ. ಆಮೇಲೆ ಎರಡೂ ಕೈಗಳನ್ನು ಅಗಲಿಸಿ, ಇದ್ದ ಶಕ್ತಿಯನ್ನೆಲ್ಲ ಹಾಕಿ, ಫಟ್ಟೆಂದು ತಟ್ಟಿದರು.

ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆಯಾ ಗಾಲಿಕುರ್ಚಿ ನಿಲ್ಲಿಸಿದಳು. ಬೆಂಚಿನ ಮೇಲಿದ್ದ ಯಾರದೋ ಮಗು ಬೆಚ್ಚಿ ಅಳತೊಡಗಿತು.

ಗುಬ್ಬಿ ಪ್ಲಗ್ ಸಾರ್ ಮುಖವನ್ನೇ ನೋಡುತ್ತಿತ್ತು.

ಅಜ್ಜಿ ಮತ್ತೆ ಕೈ ಎತ್ತಿದರು. ತಾಯಿ ಅವರ ಮುಖವನ್ನೂ ನೋಡದೆ ತನ್ನ ಕೈ ಚಾಚಿ, ಅತ್ತೆಯ ಒಂದು ಕೈಯನ್ನು ಹಿಡಿದುಕೊಂಡಳು. ಅದನ್ನು ತಂದು ಮಗುವಿನ ಬೆನ್ನ ಮೇಲೆ ಇಟ್ಟಳು.

ಮಗು ತಟ್ಟನೆ ಕತ್ತು ಹೊರಳಿಸಿ, ಯಾರೆಂದು ನೋಡಿತು.